ಬಿರುಕು ಬಿಟ್ಟ ಕೆಂಪು ನೆಲವನ್ನು ಹೊಸದು ಮಾಡಬೇಕೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಕಾಲದ ಮನೆ ಇದೆ. ನೆಲ ಪೂರ್ತಿ ರೆಡ್ ಆಕ್ಸೈಡ್, ಐವತ್ತು ವರ್ಷ ದಾಟಿದೆ. ಜಗುಲಿಯ ಉದ್ದಕ್ಕೂ ಒಂದು ಬಿರುಕು ಓಡಿದೆ. ನಡುಮನೆಯಲ್ಲಿ ಬಣ್ಣ ಒಂದೊಂದು ಕಡೆ ಒಂದೊಂದು ಥರ ಇದೆ, ಅಲ್ಲಲ್ಲಿ ಬಲೆಯಂಥ ಸಣ್ಣ ಗೆರೆಗಳು, ಗೋಡೆ ಬದಿಯಲ್ಲಿ ಬಿಳಿ ಪುಡಿ. ಒಂದು ಅಡ್ಡಗೋಡೆ ತೆಗೆಸಿದ ಜಾಗದಲ್ಲಿ ಬೂದು ಸಿಮೆಂಟಿನ ಪಟ್ಟಿ ಹಾಗೇ ಉಳಿದಿದೆ. ಮೇಸ್ತ್ರಿ ಮೇಲಿಂದ ಟೈಲ್ಸ್ ಹಾಕಿಬಿಡೋಣ ಅನ್ನುತ್ತಾರೆ. ಮನೆಯವರಿಗೆ ಮನಸ್ಸಿಲ್ಲ. ಈ ನೆಲವನ್ನು ಮೊದಲಿನ ಹಾಗೆ ಮಾಡಿಸಬಹುದೇ?

ಉತ್ತರ: ಮೊದಲಿನ ಹಾಗೆ ಆಗುವುದಿಲ್ಲ. ಹಾಗೆ ಮಾಡಿಸಲು ಹೊರಟಾಗಲೇ ಎಷ್ಟೋ ಒಳ್ಳೆಯ ನೆಲಗಳು ಹಾಳಾಗುವುದು. ನೀವು ಬರೆದ ಐದು ತೊಂದರೆಗಳಲ್ಲಿ ಬಣ್ಣದ ಏರುಪೇರಿಗೂ ಬಲೆಯಂಥ ಗೆರೆಗಳಿಗೂ ಏನೂ ಮಾಡಬೇಕಾಗಿಲ್ಲ. ಬಿಳಿ ಪುಡಿಗೆ ಪರಿಹಾರ ಇರುವುದು ಮನೆಯ ಹೊರಗೆ. ಕೈಹಾಕಬೇಕಾದದ್ದು ಜಗುಲಿಯ ಬಿರುಕಿಗೆ ಮತ್ತು ಬೂದು ಪಟ್ಟಿಗೆ ಮಾತ್ರ, ಅದನ್ನೂ ಎದ್ದು ಕಾಣುವ ಹಾಗೆ, ಅಚ್ಚುಕಟ್ಟಾಗಿ ಮಾಡಿಸಿ. ಹಳೆಯ ನೆಲ ನೋಡುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈ ಕುಂದು ಎಂದೋ ಆಗಿ ಮುಗಿದದ್ದೋ, ಈಗಲೂ ಬೆಳೆಯುತ್ತಿದೆಯೋ? ಮುಗಿದದ್ದನ್ನು ಹಾಗೇ ಬಿಡಿ, ಆ ನೆಲದ ಚೆಲುವಿನಲ್ಲಿ ಅದಕ್ಕೂ ಪಾಲಿದೆ. ಬೆಳೆಯುತ್ತಿರುವುದಕ್ಕೆ ಕಾರಣ ಹುಡುಕಬೇಕು.

ನೆಲದ ಒಳಗೆ ಏನೇನಿದೆ ಅನ್ನುವುದು ಗೊತ್ತಿದ್ದರೆ ಮುಂದಿನದು ಸುಲಭ. ಅಡಿಯಲ್ಲಿ ಮಣ್ಣು ತುಂಬಿ ದಮ್ಮಸು ಮಾಡಿರುತ್ತಾರೆ. ಅದರ ಮೇಲೆ 3ರಿಂದ 4 ಇಂಚು ಜಲ್ಲಿ ಕಾಂಕ್ರೀಟು, ಇನ್ನೂ ಹಳೆಯ ಮನೆಗಳಲ್ಲಿ ಇಟ್ಟಿಗೆ ಚೂರು ಮತ್ತು ಸುಣ್ಣದ್ದು. ಅದರ ಮೇಲೆ ಮುಕ್ಕಾಲರಿಂದ ಒಂದೂವರೆ ಇಂಚು ಸಿಮೆಂಟು, ಮರಳಿನ ಗಾರೆ. ಆ ಗಾರೆ ಹಸಿಯಿರುವಾಗಲೇ ಸಿಮೆಂಟು ಮತ್ತು ಕೆಂಪು ಆಕ್ಸೈಡ್ ಪುಡಿ ಕಲಸಿದ ಕೊನೆಯ ಪದರ ಎಳೆದು, ಕರಣೆಯಿಂದ ಒತ್ತಿ ಒತ್ತಿ ನುಣುಪು ಮಾಡುತ್ತಾರೆ. ಈ ಬಣ್ಣದ ಪದರದ ದಪ್ಪ ಸಾಮಾನ್ಯವಾಗಿ 3ರಿಂದ 5 ಮಿ.ಮೀ. ಮಾತ್ರ, ಎರಡು ಮೂರು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ನಿಮ್ಮ ನೆಲದ ಕೆಂಪೆಲ್ಲ ಇಷ್ಟರಲ್ಲೇ ಇದೆ.

ಆದ್ದರಿಂದ ಯಾರು ಏನೇ ಹೇಳಿದರೂ ಮೊಸಾಯಿಕ್ ಪಾಲಿಶ್ ಯಂತ್ರವನ್ನು ಈ ನೆಲದ ಮೇಲೆ ಓಡಿಸಲು ಬಿಡಬೇಡಿ. ಮೊಸಾಯಿಕ್‌ನಲ್ಲಿ ಕಲ್ಲಿನ ಚೂರು ಆಳದವರೆಗೂ ಇರುತ್ತದೆ, ಎಷ್ಟು ಉಜ್ಜಿದರೂ ಅದೇ ಮುಖ ಬರುತ್ತದೆ. ಇಲ್ಲಿ ಒರಟು ಕಲ್ಲು ಎರಡು ಮೂರು ಮಿ.ಮೀ. ತಿಂದರೆ ಅಡಿಯ ಬೂದು ಗಾರೆ ಮೇಲೆ ಬರುತ್ತದೆ. ಆಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಬಣ್ಣದ ವಿಚಾರಕ್ಕೆ ಬರುತ್ತೇನೆ. ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡ್, ಅದು ಬಿಸಿಲಿಗೆ ಮಾಸುವುದಿಲ್ಲ. ಬಣ್ಣ ಹೋಗಿದೆ ಅನ್ನಿಸುವ ಜಾಗಕ್ಕೆ ಒದ್ದೆ ಬಟ್ಟೆ ಒತ್ತಿ ನೋಡಿ. ಒದ್ದೆಯಾದಾಗ ಗಾಢ ಕೆಂಪು ಮರಳಿ ಬಂದರೆ ಬಣ್ಣ ಅಲ್ಲೇ ಇದೆ, ಮೇಲ್ಮೈ ಬರಡಾಗಿದೆ ಅಷ್ಟೆ. ಮೇಣ ಹಾಕಿದರೆ ಸರಿಹೋಗುತ್ತದೆ. ಒದ್ದೆಯಾದರೂ ಬೂದಾಗಿಯೇ ಇದ್ದು ಮರಳಿನ ಕಣ ಕಾಣುತ್ತಿದ್ದರೆ ಪದರ ಸವೆದಿದೆ ಎಂದರ್ಥ. ಅಂಥ ಜಾಗ ಹೆಚ್ಚಾಗಿ ಬಾಗಿಲ ಬಾಯಲ್ಲಿ, ಒರಳು ಇದ್ದ ಕಡೆ ಇರುತ್ತದೆ.

ಒಂದೊಂದು ಕಡೆ ಒಂದೊಂದು ಛಾಯೆ ಯಾಕೆ? ಕರಣೆಯನ್ನು ಹೆಚ್ಚು ಬಲವಾಗಿ, ಹೆಚ್ಚು ಸಲ ಒತ್ತಿದ ಕಡೆ ಮೇಲ್ಮೈ ದಟ್ಟವಾಗಿ ಬಣ್ಣ ಕಪ್ಪಿಗೆ ತಿರುಗುತ್ತದೆ. ನೀರು ತುಸು ಹೆಚ್ಚಾದ ಕಡೆ ತಿಳಿಯಾಗುತ್ತದೆ. ಬೆಳಗಿನ ಹೊತ್ತು ಹೆಬ್ಬಾಗಿಲಿನಿಂದ ಓರೆಯಾಗಿ ಬೆಳಕು ಬೀಳುವಾಗ ನೆಲದ ಮಟ್ಟಕ್ಕೆ ಬಗ್ಗಿ ನೋಡಿ. ಒಂದರ ಪಕ್ಕ ಒಂದು ಕಮಾನಿನಂಥ ಗುರುತುಗಳು ಕಾಣುತ್ತವೆ, ಒಂದೊಂದೂ ಸುಮಾರು ಎರಡಡಿ. ಗಾರೆಯವರು ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ಸರಿಯುತ್ತಾ ಕೈಬೀಸಿದಷ್ಟು ದೂರ ಅದು. ಎಲ್ಲಿ ಕಮಾನುಗಳ ದಿಕ್ಕು ಬದಲಾಗುತ್ತದೋ ಅಲ್ಲಿ ಆ ದಿನದ ಕೆಲಸ ನಿಲ್ಲಿಸಿದ್ದಾರು, ಇಲ್ಲವೇ ಬೇರೆಯವರು ಕೂತಿದ್ದಾರು. ಕೈಯಿಂದ ಮಾಡಿದ ನೆಲಕ್ಕೆ ಇರುವ ಆಳ ಈ ಏರುಪೇರಿನಿಂದಲೇ ಬರುವುದು. ಒಂದೇ ಸಮನಾದ ಕೆಂಪು ಬೇಕಿದ್ದರೆ ಪೇಂಟ್ ಬಳಿಯಬೇಕು. ಬಳಿದ ಪೇಂಟ್ ಓಡಾಡುವ ಜಾಗದಲ್ಲಿ ಬೇಗ ಸುಲಿಯುತ್ತದೆ, ಸುಲಿದ ನೆಲ ಸವೆದ ನೆಲಕ್ಕಿಂತ ನೋಡಲು ಕಷ್ಟ.

ಬಲೆಯಂಥ ಗೆರೆಗಳು ಬ್ಲೇಡಿನ ಅಂಚೂ ಒಳಹೋಗದಷ್ಟು ಸಣ್ಣವಾಗಿದ್ದರೆ ಅವು ಮೇಲ್ಪದರ ಹಾಕಿದ ಮೊದಲ ದಿನಗಳಲ್ಲೇ ಹುಟ್ಟಿದವು. ಮೇಲೆ ಸಿಮೆಂಟು ಅತಿಯಾದಾಗ, ನೀರು ಹೀರಲೆಂದು ಒಣ ಸಿಮೆಂಟು ಉದುರಿಸಿ ಕರಣೆ ಎಳೆದಾಗ, ಅಥವಾ ಗಾಳಿ ಬಿಸಿಲಿಗೆ ಮೇಲ್ಭಾಗ ಬೇಗ ಒಣಗಿದಾಗ ಚರ್ಮ ಕುಗ್ಗಿ ಹೀಗಾಗುತ್ತದೆ. ಆಳ ತೀರಾ ಕಡಿಮೆ. ಐವತ್ತು ವರ್ಷದಲ್ಲಿ ಬೆಳೆಯದಿದ್ದದ್ದು ಇನ್ನು ಬೆಳೆಯುವುದಿಲ್ಲ. ಅದರೊಳಗೆ ಸೇರಿದ ಮೇಣ, ಎಣ್ಣೆ ಅದನ್ನು ಕಪ್ಪು ಜಾಲರಿಯಾಗಿ ಎತ್ತಿ ತೋರಿಸುತ್ತದೆ. ನನ್ನ ಕಣ್ಣಿಗೆ ಅದು ನೆಲದ ಅತಿ ಸೊಗಸಾದ ಭಾಗ. ಸಿಮೆಂಟು ಹಾಲು, ಅಂದರೆ ನೀರಲ್ಲಿ ತೆಳ್ಳಗೆ ಕಲಸಿದ ಸಿಮೆಂಟು, ಸುರಿದು ತುಂಬಿಸಲು ಹೋಗಬೇಡಿ. ಹಾಲು ಗೆರೆಯೊಳಗೆ ಇಳಿಯದೆ ಮೇಲೆಯೇ ಬೂದು ಪೊರೆಯಾಗಿ ಕೂರುತ್ತದೆ.

ಟೊಳ್ಳು ಇದೆಯೇ ಎಂದು ಮಾತ್ರ ನೋಡಿ. ಐದು ರೂಪಾಯಿ ನಾಣ್ಯದ ಅಂಚಿನಿಂದ ಅರ್ಧ ಅಡಿಗೊಂದು ಸಲ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಿಕ್ ಎಂದು ಮೊಟಕಾಗಿ ನುಡಿಯುತ್ತದೆ, ಟೊಳ್ಳು ಜಾಗದ ಸದ್ದು ಡೊಬ್ಬೆನ್ನುತ್ತದೆ. ಚಾಕ್‌ಪೀಸಿನಿಂದ ಸುತ್ತು ಗೆರೆ ಎಳೆಯಿರಿ. ಅಂಗೈಯಗಲದ ಟೊಳ್ಳುಗಳನ್ನು ಬಿಟ್ಟುಬಿಡಿ, ಅದರ ಮೇಲೆ ಮಂಚದ ಕಾಲು, ಬೀರು ಬರದ ಹಾಗೆ ನೋಡಿಕೊಂಡರಾಯಿತು. ಒಂದು ಚದರಡಿ ಮೀರಿ, ಕಾಲಿಟ್ಟಾಗ ಅಲುಗಿದರೆ ಅಷ್ಟು ಭಾಗವನ್ನು ಚೌಕಾಗಿ ಕತ್ತರಿಸಿ ತೆಗೆದು ಹೊಸದಾಗಿ ತುಂಬಬೇಕು. ಅದರ ಕ್ರಮ ಬೂದು ಪಟ್ಟಿಗೆ ಹೇಳುವುದೇ.

ಬಿಳಿ ಪುಡಿ ಮಣ್ಣಿನ ತೇವದ ಜೊತೆ ಮೇಲೆ ಬಂದ ಲವಣ. ನೀರು ಆರಿ ಉಪ್ಪು ಉಳಿಯುತ್ತದೆ. ತೇವ ಈಗಲೂ ಬರುತ್ತಿದೆಯೇ ತಿಳಿಯಲು ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ 24 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಗೆ ಹನಿ ಕಂಡರೆ, ನೆಲ ಕಪ್ಪಾಗಿದ್ದರೆ ತೇವ ಏಳುತ್ತಿದೆ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೋಡಿ. ಎರಡರಲ್ಲೂ ಹನಿ ಕಂಡರೆ ಹೊರಗೆ ಹೋಗಿ ಗೋಡೆಯ ಬುಡ ನೋಡಬೇಕು. ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ವರ್ಷ ವರ್ಷ ಮಣ್ಣು, ಕಸ ಸೇರಿ ಅದು ಏರಿರುತ್ತದೆ. ಗೋಡೆಗೆ ಒತ್ತಿ ಹೂವಿನ ಪಾತಿ ಮಾಡಿದ್ದರೆ ದೂರ ಸರಿಸಿ. ಸೂರಿನ ನೀರು ಬುಡಕ್ಕೆ ಬೀಳದೆ ಚರಂಡಿಗೆ ಹೋಗಲಿ. ಒಳಗೆ ಮಾಡಬೇಕಾದದ್ದು ಕಡಿಮೆ: ಪುಡಿಯನ್ನು ಒಣ ಬ್ರಷ್ಷಿನಿಂದ ಸಡಿಲಿಸಿ ವ್ಯಾಕ್ಯೂಮಿನಿಂದ ಎಳೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಆಸಿಡ್ಡು, ಟಾಯ್ಲೆಟ್ ಕ್ಲೀನರ್ ಹಾಕಿದರೆ ಪುಡಿಯ ಜೊತೆ ಸಿಮೆಂಟೂ ಕರಗಿ ನುಣುಪು ಹೋಗುತ್ತದೆ.

ಟೈಲ್ಸ್ ಹಾಕಲು ನಾನು ಬೇಡ ಅನ್ನುವುದಕ್ಕೆ ಈ ತೇವವೇ ಮೊದಲ ಕಾರಣ. ನೆಲದಿಂದ ಆರುತ್ತಿದ್ದ ತೇವಕ್ಕೆ ವಿಟ್ರಿಫೈಡ್ ಟೈಲ್ಸ್ ಮುಚ್ಚಳ ಹಾಕುತ್ತದೆ, ಆ ತೇವ ಗೋಡೆಯ ದಾರಿ ಹಿಡಿಯುತ್ತದೆ, ಗಿಲಾವು ಉದುರಲು ಶುರುವಾಗುತ್ತದೆ. ಎಪಾಕ್ಸಿ, ಪಾಲಿಯುರೆಥೇನ್ ಲೇಪಕ್ಕೂ ಇದೇ ಗತಿ, ಗುಳ್ಳೆಯೆದ್ದು ಸುಲಿಯುತ್ತದೆ. ಎರಡನೆಯದು ಎತ್ತರ. ಟೈಲ್ಸ್ ಮತ್ತು ಅಂಟು ಸೇರಿ ಅರ್ಧ ಇಂಚಿಗಿಂತ ಹೆಚ್ಚು, ಗಾರೆಯ ಮೇಲೆ ಕೂರಿಸಿದರೆ ಒಂದೂವರೆ ಇಂಚಿನವರೆಗೂ ನೆಲ ಏರುತ್ತದೆ. ಹಳೆಯ ಮರದ ಬಾಗಿಲುಗಳ ಅಡಿ ಕೊಯ್ಯಬೇಕು, ಹೊಸ್ತಿಲು ಮುಳುಗುತ್ತದೆ. ಆದರೂ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಟೊಳ್ಳಾಗಿ ಅಲುಗುತ್ತಿದ್ದರೆ, ಅಥವಾ ನೆಲ ತಟ್ಟೆಯಂತೆ ಕುಸಿದಿದ್ದರೆ ಉಳಿಸುವ ಹಟ ಬೇಡ. ಅದನ್ನು ಅಗೆದು ಹೊಸದು ಹಾಕುವುದೇ ಸರಿ.

ಇನ್ನು ಜಗುಲಿಯ ಬಿರುಕು. ಮಲೆನಾಡಿನಲ್ಲಿ ಜಗುಲಿಯ ಉದ್ದಕ್ಕೆ ಹೋದ ಬಿರುಕಿಗೆ ಹೆಚ್ಚಾಗಿ ಕಾರಣ ಹೊರ ಅಂಚು ತಗ್ಗುವುದು. ಸೂರಿನ ನೀರು ವರ್ಷಗಟ್ಟಲೆ ಬುಡಕ್ಕೆ ಬಿದ್ದು ತುಂಬಿದ ಮಣ್ಣು ಕೊಚ್ಚಿ ಹೋಗಿರುತ್ತದೆ. ಬಿರುಕಿನ ಅಡ್ಡಕ್ಕೆ ಒಂದು ಸ್ಕೇಲು ಇಡಿ. ಎರಡೂ ಅಂಚು ಒಂದೇ ಮಟ್ಟದಲ್ಲಿದ್ದರೆ ಅದು ಗಾರೆ ಒಣಗುವಾಗ ಕುಗ್ಗಿ ಬಿಟ್ಟದ್ದಿರಬಹುದು. ಒಂದು ಅಂಚು ಕೆಳಗಿದ್ದರೆ ಕುಸಿತ. ಕುಸಿತ ನಿಂತಿದೆಯೇ ತಿಳಿಯಲು ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಎರಡೂ ಕಡೆ ಎಪಾಕ್ಸಿ ಅಂಟಿನಿಂದ ಕೂರಿಸಿ, ಓಡಾಟವಿಲ್ಲದ ಮೂಲೆಯಲ್ಲಿ ಒಂದು, ನಡುವೆ ಒಂದು. ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲ್ಲಿನಿಂದ ಅಡ್ಡಗೆರೆ ಹಾಕಿ ತಾರೀಕು ಬರೆದಿಡಿ. ಒಂದು ಮಳೆಗಾಲ ಪೂರ್ತಿ ಕಳೆಯಲಿ. ಗಾಜು ಒಡೆಯದೆ, ತುದಿ ಮುಂದಕ್ಕೆ ಹೋಗದೆ ಇದ್ದರೆ ಬಿರುಕು ನಿಂತಿದೆ.

ನಿಂತ ಬಿರುಕನ್ನು ಕೆಂಪು ಗಾರೆಯಿಂದಲೇ ತುಂಬಿ ಮರೆಮಾಡಲು ಎಲ್ಲರಿಗೂ ಆಸೆ. ಅದು ಕೈಗೂಡದು. ಇವತ್ತಿನ ಸಿಮೆಂಟು ಬೇರೆ, ಮರಳು ಬೇರೆ, ಅಂಗಡಿಯಲ್ಲಿ ಸಿಗುವ ಆಕ್ಸೈಡ್ ಪುಡಿಯ ಛಾಯೆಯೂ ಬೇರೆ, ಜೊತೆಗೆ ಹಳೆಯ ನೆಲ ಐವತ್ತು ವರ್ಷದ ಮೇಣ ಕುಡಿದಿದೆ. ಹೊಸ ಕೆಂಪು ತುಸುವೇ ಬೇರೆಯಾಗಿ ಗಾಯದ ಗುರುತಿನಂತೆ ಕಾಣುತ್ತದೆ. ಕಪ್ಪು ಆಕ್ಸೈಡಿನಿಂದ ತುಂಬಿಸಿ. ಹಳೆಯ ಮನೆಗಳಲ್ಲಿ ಕೆಂಪು ನೆಲಕ್ಕೆ ಕಪ್ಪು ಅಂಚು ಕೊಡುವ ವಾಡಿಕೆ ಇತ್ತು, ಹಾಗಾಗಿ ಈ ಎರಡು ಬಣ್ಣ ಒಂದಕ್ಕೊಂದು ಹೊಂದುತ್ತವೆ.

ಬಿರುಕು ಹೋದ ಅಂಕುಡೊಂಕು ದಾರಿಯನ್ನು ನೇರ ಮಾಡಬೇಡಿ. ದಾರಿ ಹಾಗೇ ಇರಲಿ, ಅಗಲ ಮಾತ್ರ ಉದ್ದಕ್ಕೂ ಒಂದೇ ಸಮ 6 ಮಿ.ಮೀ. ಇರಲಿ. ಅಗಲದಲ್ಲಿ ಏರುಪೇರಾದರೆ ಅಡ್ಡಾದಿಡ್ಡಿ ಕೆಲಸವಾಗಿ ಕಾಣುತ್ತದೆ, ಒಂದೇ ಅಗಲವಿದ್ದರೆ ಎಳೆದ ಗೆರೆಯಾಗುತ್ತದೆ. ಎರಡೂ ಬದಿಗೆ ಪೇಪರ್ ಟೇಪು ಅಂಟಿಸಿ ಅದರ ನಡುವೆ ಸಣ್ಣ ಗ್ರೈಂಡರಿನಿಂದ ಚಿಕ್ಕ ಚಿಕ್ಕ ತುಂಡಾಗಿ ಕೊಯ್ದು, ತಿರುವುಗಳಲ್ಲಿ ಉಳಿ ಬಳಸಿ 12 ಮಿ.ಮೀ. ಆಳದ ಕಾಲುವೆ ಮಾಡಿ. ಬದಿಗಳು ನೆಟ್ಟಗಿರಬೇಕು. ಇಂಗ್ಲಿಷಿನ ವಿ ಆಕಾರದಲ್ಲಿ ಕೊಯ್ದರೆ ಅಂಚಿಗೆ ಬರುವ ತೆಳು ಗಾರೆ ಚಕ್ಕೆಯೇಳುತ್ತದೆ. ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒಳ್ಳೆಯ ಮಾಸ್ಕ್ ಹಾಕಿಕೊಂಡೇ ಮಾಡಲಿ.

ದೂಳು ಪೂರ್ತಿ ತೆಗೆದು ರಾತ್ರಿಯಿಡೀ ಕಾಲುವೆಯಲ್ಲಿ ಒದ್ದೆ ಬಟ್ಟೆ ಇಡಿ. ಬೆಳಿಗ್ಗೆ ನಿಂತ ನೀರು ಒರೆಸಿ, ಗಾರೆ ತುಂಬುವ ಮುಂಚೆ ತೆಳ್ಳಗೆ ಸಿಮೆಂಟು ಹಾಲು ಬ್ರಷ್ಷಿನಲ್ಲಿ ಹಚ್ಚಿ. ಹತ್ತಡಿ ಬಿರುಕಿಗೆ ಕಾಲು ಲೀಟರು ಗಾರೆ ಸಾಕು: ಸಿಮೆಂಟು 200 ಗ್ರಾಂ, ಜರಡಿ ಹಿಡಿದ ನಯ ಮರಳು 300 ಗ್ರಾಂ, ಕಪ್ಪು ಆಕ್ಸೈಡ್ 12ರಿಂದ 16 ಗ್ರಾಂ, ನೀರು 80ರಿಂದ 90 ಮಿ.ಲೀ. ಬಣ್ಣ ಸಿಮೆಂಟಿನ ತೂಕದ ನೂರಕ್ಕೆ 10 ಮೀರಬಾರದು, ಮೀರಿದರೆ ಗಾರೆ ಬಲ ಕಳೆದುಕೊಳ್ಳುತ್ತದೆ. ಹಿಡಿ ಲೆಕ್ಕ ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಸಿಮೆಂಟು ಮತ್ತು ಬಣ್ಣವನ್ನು ಒಣದಾಗಿಯೇ ಬೆರೆಸಿ ಎರಡು ಮೂರು ಸಲ ಜರಡಿಯಾಡಿಸಿ, ಇಲ್ಲದಿದ್ದರೆ ಕರಣೆ ಎಳೆದಾಗ ಬಣ್ಣದ ಗಂಟು ಒಡೆದು ಗೀಟು ಬೀಳುತ್ತದೆ. ಇಡೀ ಬಿರುಕಿಗೆ ಬೇಕಾದ ಒಣ ಮಿಶ್ರಣ ಒಂದೇ ಸಲ ಮಾಡಿಡಿ. ಕಪ್ಪಿಗಾಗಿ ದೀಪದ ಮಸಿ ಹಾಕುವವರಿದ್ದಾರೆ, ಅದು ತೊಳೆಯುತ್ತಾ ಬಿಟ್ಟುಹೋಗುತ್ತದೆ.

ಗಾರೆಯನ್ನು ನೆಲಕ್ಕಿಂತ ಕೂದಲೆಳೆಯಷ್ಟು ಎತ್ತರಕ್ಕೆ ಒತ್ತಿ ತುಂಬಿ. ಹೆಬ್ಬೆರಳು ಒತ್ತಿದರೆ ಗುರುತು ಬಿದ್ದು ಗಾರೆ ಬೆರಳಿಗೆ ಅಂಟದ ಹದ ಬಂದಾಗ ಕರಣೆ ಎಳೆದು, ಆಮೇಲೆ ಟೇಪು ಬಿಡಿಸಿ. ಒದ್ದೆ ಗೋಣಿ ಹೊದಿಸಿ ಏಳು ದಿನ ತೇವ ಆರದಂತೆ ನೋಡಿಕೊಳ್ಳಿ. ಆಮೇಲೆ ಎತ್ತರವಿದ್ದಷ್ಟನ್ನು ಮಾತ್ರ 220, ನಂತರ 400 ನಂಬರಿನ ನೀರು ಕಾಗದವನ್ನು (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಮರದ ತುಂಡಿಗೆ ಸುತ್ತಿ ಉಜ್ಜಿ.

ಗಾಜು ಒಡೆದಿತ್ತು ಅನ್ನಿ. ಆಗ ಮೊದಲು ಸೂರಿನ ನೀರು ತಿರುಗಿಸಿ, ಹೊರ ಅಂಚಿನ ಬುಡವನ್ನು ಕಲ್ಲು ಕಟ್ಟಿ ಬಲಪಡಿಸಿ. ಬಿರುಕಿಗೆ ಸಿಮೆಂಟು ಹಾಕಿದರೆ ಮುಂದಿನ ಮಳೆಗಾಲಕ್ಕೆ ಅದರ ಪಕ್ಕದಲ್ಲೇ ಬಿಡುತ್ತದೆ. ಅದೇ ಕಾಲುವೆಯನ್ನು ಮಾಡಿ, ತಳಕ್ಕೆ ತೆಳು ಟೇಪು ಅಂಟಿಸಿ, ಕಪ್ಪು ಪಾಲಿಯುರೆಥೇನ್ ಸೀಲಂಟ್ (ರಬ್ಬರಿನಂತೆ ಹಿಗ್ಗುವ ಅಂಟು) ತುಂಬಿಸಿ. ಟೇಪು ಯಾಕೆಂದರೆ ಸೀಲಂಟ್ ಎರಡು ಬದಿಗೆ ಮಾತ್ರ ಹಿಡಿದಿರಬೇಕು. ತಳಕ್ಕೂ ಅಂಟಿದರೆ ಹಿಗ್ಗಲಾರದೆ ಕಿತ್ತುಬರುತ್ತದೆ.

ಬೂದು ಪಟ್ಟಿಯ ಕೆಲಸ ದೊಡ್ಡದು, ಆದರೆ ನಡುಮನೆಯ ನೋಟವನ್ನು ಬದಲಿಸುವುದು ಅದೇ. ಒಂಬತ್ತು ಇಂಚಿನ ಗೋಡೆಯಾಗಿದ್ದರೆ ಎರಡೂ ಕಡೆ ಒಂದೊಂದು ಇಂಚು ಸೇರಿಸಿ ನೇರವಾಗಿ ಕೊಯ್ದು, ಒಂದು ಇಂಚು ಆಳಕ್ಕೆ ಒಡೆದು ತೆಗೆಯಿರಿ. ಅಂಚಿನ ಕೆಂಪು ಚಕ್ಕೆ ಏಳದಂತೆ ಮೊದಲು ಗ್ರೈಂಡರಿನಿಂದ ಕೊಯ್ದೇ ಉಳಿ ಹಿಡಿಯಬೇಕು. ಹೀಗೆ ಉದ್ದಕ್ಕೆ ಹೋದ ಕಿರಿದಾದ ಪಟ್ಟಿ ಒಣಗುವಾಗ ಖಂಡಿತ ಅಡ್ಡಕ್ಕೆ ಬಿರಿಯುತ್ತದೆ, ಆದ್ದರಿಂದ ಎರಡರಿಂದ ಮೂರಡಿಗೊಂದು ಹಿತ್ತಾಳೆ ಅಥವಾ ಗಾಜಿನ ಪಟ್ಟಿ ನಿಲ್ಲಿಸಿ ಖಾನೆಗಳಾಗಿ ಭಾಗ ಮಾಡಿ. ಅಲ್ಯೂಮಿನಿಯಂ ಬೇಡ, ಹಸಿ ಸಿಮೆಂಟಿನ ಕ್ಷಾರ ಅದನ್ನು ತಿನ್ನುತ್ತದೆ. ತಳ ನೆನೆಸಿ, ಸಿಮೆಂಟು ಹಾಲು ಹಚ್ಚಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ 20 ಮಿ.ಮೀ. ತುಂಬಿ. ಅದು ಮೇಲೆ ಹೇಳಿದ ಹದಕ್ಕೆ ಬಂದಾಗ 4 ಮಿ.ಮೀ. ಬಣ್ಣದ ಪದರ ಎಳೆಯಿರಿ. ತಡಮಾಡಿ ಮರುದಿನ ಎಳೆದರೆ ಎರಡು ಪದರ ಕೂಡುವುದಿಲ್ಲ, ಆ ಟೊಳ್ಳು ಸದ್ದು ಬರುವುದು ಇದರಿಂದಲೇ. ನೀರು ಮೇಲೆ ತೇಲುತ್ತಿರುವಾಗಲೇ ಕರಣೆ ಆಡಿಸಿದರೆ ಮೇಲ್ಮೈ ಪುಡಿಯಾಗುತ್ತದೆ. ಕನಿಷ್ಠ ಹತ್ತು ದಿನ ಒದ್ದೆ ಇರಲಿ.

ಇಲ್ಲಿಯೂ ಪಟ್ಟಿ ಪೂರ್ತಿ ಕಪ್ಪಿರಬಹುದು, ಇಲ್ಲವೇ ಕಪ್ಪು ಅಂಚಿನ ನಡುವೆ ಕೆಂಪು ಇರಬಹುದು. ಕೆಂಪೇ ಇಷ್ಟವಾದರೆ ಮೊದಲು ನಾಲ್ಕಿಂಚಿನ ಮಾದರಿ ಬಿಲ್ಲೆಗಳನ್ನು ಮಾಡಿ: ಒಂದರಲ್ಲಿ ಬರೀ ಕೆಂಪು, ಇನ್ನೆರಡರಲ್ಲಿ ಕೆಂಪಿನ ತೂಕದ ನೂರಕ್ಕೆ 5 ಮತ್ತು 10 ಕಪ್ಪು ಬೆರೆಸಿ. ಏಳು ದಿನ ನೀರಲ್ಲಿಟ್ಟು, ಎರಡು ವಾರ ಒಣಗಿಸಿ, ಮೇಣ ಹಚ್ಚಿದ ಮೇಲೆಯೇ ನೆಲದ ಮೇಲಿಟ್ಟು ಹೋಲಿಸಿ. ಹಸಿಯಲ್ಲಿ ನೋಡಿದ ಬಣ್ಣ ನಂಬಬೇಡಿ. ಅಂಗಡಿಯಲ್ಲಿ ಬರೀ ರೆಡ್ ಆಕ್ಸೈಡ್ ಎಂದು ಕೇಳಿದರೆ ಗೇಟಿಗೆ ಬಳಿಯುವ ಪ್ರೈಮರ್ ಡಬ್ಬಿ ಕೊಡುವುದುಂಟು. ಸಿಮೆಂಟಿಗೆ ಬೆರೆಸುವ ಪುಡಿ ಎಂದೇ ಕೇಳಿ.

ಕೆಲಸವನ್ನು ನವೆಂಬರಿನಿಂದ ಜನವರಿಯೊಳಗೆ ಮುಗಿಸಿಕೊಳ್ಳಿ, ಬೇಸಿಗೆಯಲ್ಲಿ ಗಾರೆ ಬೇಗ ಒಣಗಿ ಕುಗ್ಗುತ್ತದೆ. ಹೊಸ ಗಾರೆಗೆ ನಾಲ್ಕು ವಾರ ತುಂಬಿದ ಮೇಲೆ ಮೇಣ. ಶುದ್ಧ ಜೇನುಮೇಣ 100 ಗ್ರಾಂ ತುರಿದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಒಲೆ ಆರಿಸಿ, ಪಾತ್ರೆಯನ್ನು ಹೊರಗೆ ತಂದ ಮೇಲೆ ಮಾತ್ರ 300 ಮಿ.ಲೀ. ಟರ್ಪೆಂಟೈನ್ ಬೆರೆಸಿ, ಅದರ ಆವಿಗೆ ಬೆಂಕಿ ಹತ್ತುತ್ತದೆ. ತಣಿದಾಗ ಬೆಣ್ಣೆಯ ಹದಕ್ಕೆ ಬರುತ್ತದೆ. ಹಳೆಯ ಹತ್ತಿ ಬಟ್ಟೆಯಲ್ಲಿ ಸಾಧ್ಯವಾದಷ್ಟು ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಉಜ್ಜಿ. ದಪ್ಪ ಹಚ್ಚಿದರೆ ಕಾಲು ಜಾರುತ್ತದೆ, ದೂಳು ಅಂಟುತ್ತದೆ. ಬಳಸಿದ ಬಟ್ಟೆಯನ್ನು ಮುದ್ದೆಮಾಡಿ ಇಡದೆ ಹೊರಗೆ ಹರವಿ ಒಣಗಿಸಿ, ಮುದ್ದೆಯಾಗಿಟ್ಟರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ವರ್ಷಕ್ಕೆ ಎರಡು ಸಲ ಸಾಕು. ತೇವ ಏಳುವ ಗೋಡೆ ಬದಿಗೆ ಒಂದಡಿ ಬಿಟ್ಟುಬಿಡಿ.

ದಿನದ ಒರೆಸುವಿಕೆಗೆ ಬರೀ ನೀರು, ಜಿಡ್ಡಿದ್ದರೆ ಎರಡು ಹನಿ ಸೋಪು. ನಿಂಬೆರಸ, ಹುಣಸೆಹುಳಿ, ವಿನೆಗರ್ ಚೆಲ್ಲಿದರೆ ತಕ್ಷಣ ಒರೆಸಿ, ಹುಳಿ ತಾಕಿದ ಕಡೆ ನುಣುಪು ಹೋಗಿ ಮಂಕು ಗುರುತು ಉಳಿಯುತ್ತದೆ. ಅಂಥ ಗುರುತು ಬಿದ್ದರೆ 800 ನಂಬರಿನ ನೀರು ಕಾಗದವನ್ನು ಒದ್ದೆ ಮಾಡಿ ಹಗುರಕ್ಕೆ ನಾಲ್ಕಾರು ಸಲ ಉಜ್ಜಿ, ಒಣಗಿದ ಮೇಲೆ ಮೇಣ ಹಚ್ಚಿ. ಮಂಕು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಪೂರ್ತಿ ಹೋಗಲೆಂದು ಇನ್ನೂ ಉಜ್ಜಬೇಡಿ, ಅಲ್ಲಿ ಉಳಿದಿರುವುದು ಕೆಲವೇ ಮಿ.ಮೀ. ಬಣ್ಣ.